ಎಳೆಯರ ತಂಡ ಕಪ್ ಗೆಲ್ಲಬಲ್ಲದೇ? ಒಕ್ಲಹೋಮಾ ಸಿಟಿಯನ್ನು ಮುಂದಿಟ್ಟುಕೊಂಡು ಒಂದು ಲೆಕ್ಕ

2024ರ ಮೇ 18, ಡಲ್ಲಾಸ್. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್, ಅಂದರೆ ಲೀಗ್ ಹಂತದ ನಂತರದ ನಾಕೌಟ್, ಎರಡನೇ ಸುತ್ತಿನ ಆರನೇ ಪಂದ್ಯ. ಗಡಿಯಾರದಲ್ಲಿ ಎರಡೂವರೆ ಸೆಕೆಂಡ್ ಉಳಿದಿದೆ, ಒಕ್ಲಹೋಮಾ ಸಿಟಿ ಥಂಡರ್ 116-115ರಿಂದ ಮುಂದಿದೆ. ಡಲ್ಲಾಸ್‌ನ ಪಿ.ಜೆ. ವಾಷಿಂಗ್ಟನ್ ಎತ್ತಿದ ತ್ರೀ ಪಾಯಿಂಟ್ ಹೊಡೆತವನ್ನು (ದೂರದ ಗೆರೆಯಾಚೆಯಿಂದ ಹೊಡೆದು ಮೂರು ಅಂಕ ಪಡೆಯುವುದು) ತಡೆಯಲು ಹೋದ ಥಂಡರ್‌ನ ಶೇ ಗಿಲ್ಜಸ್-ಅಲೆಕ್ಸಾಂಡರ್ ಫೌಲ್ ಮಾಡಿದರು. ವಾಷಿಂಗ್ಟನ್ ಮೊದಲ ಎರಡು ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಒಂದಂಕದ ಹೊಡೆತ) ಹಾಕಿ, ಮೂರನೆಯದನ್ನು ಬೇಕೆಂದೇ ತಪ್ಪಿಸಿದರು. ಡಲ್ಲಾಸ್ 117-116ರಿಂದ ಪಂದ್ಯವನ್ನೂ 4-2ರಿಂದ ಸರಣಿಯನ್ನೂ ಗೆದ್ದಿತು.

ಆ ವರ್ಷ ಥಂಡರ್ 82 ಪಂದ್ಯಗಳಲ್ಲಿ 57 ಗೆದ್ದು ಪಶ್ಚಿಮ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿತ್ತು. ಅಷ್ಟು ಕಿರಿಯ ತಂಡವೊಂದು ಮೊದಲ ಸ್ಥಾನಕ್ಕೆ ಬಂದದ್ದು ಲೀಗ್‌ನ ಇತಿಹಾಸದಲ್ಲೇ ಇರಲಿಲ್ಲ. ಸೋತ ಮೇಲೆ ಅಭಿಮಾನಿಗಳು ಎರಡು ಪಾಳಯವಾದರು. ಒಂದು ಪಾಳಯ, 'ಹುಡುಗರು, ಇನ್ನೊಂದು ವರ್ಷ ಕಳೆಯಲಿ, ತಾನಾಗಿ ಮಾಗುತ್ತಾರೆ' ಎಂದಿತು. ಇನ್ನೊಂದು, 'ಅನುಭವ ಇಲ್ಲದವರು ಕಪ್ ಗೆಲ್ಲುವುದಿಲ್ಲ' ಎಂದಿತು. ಹದಿಮೂರು ತಿಂಗಳ ನಂತರ, 2025ರ ಜೂನ್ 22ರಂದು ಥಂಡರ್ ಚಾಂಪಿಯನ್ ಆಯಿತು. 1977ರ ಪೋರ್ಟ್‌ಲೆಂಡ್ ನಂತರ ಅಷ್ಟು ಕಿರಿಯ ಚಾಂಪಿಯನ್ ತಂಡ ಬಂದಿರಲಿಲ್ಲ. ಎರಡನೇ ಪಾಳಯ ಸೋತಿತು, ನಿಜ. ಮೊದಲನೆಯದು ಗೆಲ್ಲಲಿಲ್ಲ ಎನ್ನುವುದು ಈ ಲೇಖನದ ವಾದ. ತಂಡ ತಾನಾಗಿ ಮಾಗಲಿಲ್ಲ. ಡಲ್ಲಾಸ್ ತೋರಿಸಿಕೊಟ್ಟ ಎರಡು ತೂತುಗಳನ್ನು ಹುಡುಕಿ ಮುಚ್ಚಲಾಯಿತು. ಆ ತೂತುಗಳು ಲೆಕ್ಕಕ್ಕೆ ಸಿಗುವಂಥವು. ಯಾವುದೇ ಎಳೆಯ ತಂಡದಲ್ಲಿ ಅವನ್ನು ಪ್ಲೇಆಫ್‌ಗೂ ಮೊದಲೇ ಹುಡುಕಬಹುದು.

ವಯಸ್ಸನ್ನು ನಿಮಿಷಗಳಿಂದ ತೂಗಿ

'ಎಳೆಯ ತಂಡ' ಎನ್ನುವ ಮಾತನ್ನು ಮೊದಲು ಸರಿಪಡಿಸಿಕೊಳ್ಳೋಣ. ಪಟ್ಟಿಯಲ್ಲಿರುವ ಹದಿನೈದು ಜನರ ವಯಸ್ಸು ಕೂಡಿಸಿ ಹದಿನೈದರಿಂದ ಭಾಗಿಸಿದರೆ ಬರುವ ಸರಾಸರಿ ಹೆಚ್ಚೇನೂ ಹೇಳುವುದಿಲ್ಲ. 34 ವರ್ಷದ ಒಬ್ಬರು ಪಂದ್ಯಕ್ಕೆ 5 ನಿಮಿಷ, 22 ವರ್ಷದ ಇನ್ನೊಬ್ಬರು 35 ನಿಮಿಷ ಆಡುತ್ತಾರೆ ಎಂದುಕೊಳ್ಳಿ. ಸರಳ ಸರಾಸರಿ 28. ನಿಮಿಷಗಳಿಂದ ತೂಗಿದರೆ 34×5 ಮತ್ತು 22×35 ಕೂಡಿಸಿ 40ರಿಂದ ಭಾಗಿಸಬೇಕು, ಆಗ 23.5. ಅಂಗಳದಲ್ಲಿ ನಿಜಕ್ಕೂ ಓಡುತ್ತಿರುವ ತಂಡದ ವಯಸ್ಸು ಇದು.

2025ರ ಫೈನಲ್ಸ್ ಹೊತ್ತಿಗೆ ಥಂಡರ್‌ನ ಗಿಲ್ಜಸ್-ಅಲೆಕ್ಸಾಂಡರ್‌ಗೆ 26, ಜೇಲೆನ್ ವಿಲಿಯಮ್ಸ್‌ಗೆ 24, ಚೆಟ್ ಹೋಮ್‌ಗ್ರೆನ್‌ಗೆ 23, ಕೇಸನ್ ವಾಲೆಸ್‌ಗೆ 21. ಆದರೆ ಪ್ರತಿದಿನ ಆಡುವವರಲ್ಲಿ 31 ವರ್ಷದ ಅಲೆಕ್ಸ್ ಕರೂಸೊ ಇದ್ದರು, 27ರ ಐಸೇಯಾ ಹಾರ್ಟನ್‌ಸ್ಟೈನ್ ಇದ್ದರು. ಅದಕ್ಕೂ ಮೊದಲು ಚಾಂಪಿಯನ್ ತಂಡದಲ್ಲಿದ್ದ ಅನುಭವ ಆ ಪಟ್ಟಿಯಲ್ಲಿ ಕರೂಸೊ ಒಬ್ಬರಿಗೇ ಇತ್ತು, 2020ರ ಲೇಕರ್ಸ್ ಜತೆಗೆ. ಅನುಭವ ಎಲ್ಲರಲ್ಲೂ ಇರಬೇಕೆಂದಿಲ್ಲ. ಎದುರಾಳಿಯ ಅತಿ ಅಪಾಯಕಾರಿ ಆಟಗಾರನನ್ನು ಕಾಯುವ ಕೆಲಸಕ್ಕೆ ಅನುಭವಿಯೊಬ್ಬರು ಇರಬೇಕು. ಈ ಮಾತಿಗೆ ಮುಂದೆ ಮರಳುತ್ತೇವೆ.

ಗೆಲುವಿಗಿಂತ ಅಂತರ ನಿಜ ಹೇಳುತ್ತದೆ

ಕ್ರಿಕೆಟ್ ನೋಡುವವರಿಗೆ ನೆಟ್ ರನ್ ರೇಟ್ ಗೊತ್ತು. ಅಲ್ಲಿ ಅದು ಸಮ ಅಂಕ ಬಂದಾಗ ಮಾತ್ರ ಬೇಕಾಗುವ ಲೆಕ್ಕ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದರ ಸಮಾನವಾದ ಸರಾಸರಿ ಅಂತರವೇ ಮುಖ್ಯ ಲೆಕ್ಕ. ಪ್ರತಿ ಪಂದ್ಯಕ್ಕೆ ತಂಡ ಗಳಿಸಿದ ಅಂಕದಲ್ಲಿ ಬಿಟ್ಟುಕೊಟ್ಟ ಅಂಕ ಕಳೆದರೆ ಸಿಗುವ ಸಂಖ್ಯೆ ಇದು. ಒಂದೆರಡು ಅಂಕದಲ್ಲಿ ತೀರ್ಮಾನವಾಗುವ ಪಂದ್ಯಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಅಂಥ ಪಂದ್ಯಗಳನ್ನೇ ಗೆದ್ದು 50 ದಾಟಿದ ತಂಡ ಮುಂದಿನ ವರ್ಷ ಜಾರುವುದು ಸಾಮಾನ್ಯ. ಇಪ್ಪತ್ತು ಅಂಕದಿಂದ ಗೆಲ್ಲುವುದು ಮಾತ್ರ ಪದೇಪದೇ ಅದೃಷ್ಟದಿಂದ ಆಗುವುದಿಲ್ಲ.

ಅಂತರವನ್ನು ಗೆಲುವಾಗಿ ಬದಲಿಸುವ ಒಂದು ಸೂತ್ರವಿದೆ. ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ಗಳಿಸಿದ ಸರಾಸರಿಯನ್ನು ಬಿಟ್ಟುಕೊಟ್ಟ ಸರಾಸರಿಯಿಂದ ಭಾಗಿಸಿ, ಬಂದದ್ದನ್ನು 13.91ರ ಘಾತಕ್ಕೆ ಏರಿಸಿ, ಆ ಫಲವನ್ನು ಅದಕ್ಕೇ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ, 82ರಿಂದ ಗುಣಿಸಿ. 2024-25ರಲ್ಲಿ ಥಂಡರ್ ಗಳಿಸಿದ್ದು 120.5, ಬಿಟ್ಟುಕೊಟ್ಟದ್ದು 107.6. ಭಾಗಿಸಿದರೆ 1.12. ಘಾತಕ್ಕೇರಿಸಿದರೆ ಸುಮಾರು 4.84. 4.84ನ್ನು 5.84ರಿಂದ ಭಾಗಿಸಿದರೆ 0.83, ಅಂದರೆ 68 ಗೆಲುವು. ತಂಡ ನಿಜವಾಗಿ ಗೆದ್ದದ್ದೂ 68. ಹಿಂದಿನ ವರ್ಷದ 120.1 ಮತ್ತು 112.7ನ್ನು ಹಾಕಿದರೆ 58 ಬರುತ್ತದೆ, ಗೆದ್ದದ್ದು 57. ಎರಡೂ ವರ್ಷ ತಂಡ ಅದೃಷ್ಟದ ಸಾಲ ಮಾಡಿರಲಿಲ್ಲ. ಸೂತ್ರ ಹೇಳುವುದಕ್ಕಿಂತ ಐದಾರು ಗೆಲುವು ಹೆಚ್ಚು ಪಡೆದ ಎಳೆಯ ತಂಡ ಕಂಡರೆ ಮಾತ್ರ ಹುಷಾರಾಗಿರಬೇಕು.

ಆ 12.9 ಅಂಕಗಳ ಅಂತರ ಎನ್‌ಬಿಎ ಇತಿಹಾಸದಲ್ಲೇ ದೊಡ್ಡದು. 1971-72ರ ಲೇಕರ್ಸ್ ದಾಖಲೆ ಅದರಿಂದ ಮುರಿಯಿತು.

ಇನ್ನೊಂದು ಹಳೆಯ ಅಳತೆಗೋಲು ಕೋಚ್ ಫಿಲ್ ಜ್ಯಾಕ್ಸನ್ ಹೆಸರಿನಲ್ಲಿ ಓಡಾಡುತ್ತದೆ: 20 ಸೋಲುವುದರೊಳಗೆ 40 ಗೆದ್ದಿರಬೇಕು. 1980ರಿಂದೀಚೆಗೆ ಈ ಗೆರೆ ದಾಟದೆ ಕಪ್ ಎತ್ತಿದವರು ಬೆರಳೆಣಿಕೆಯಷ್ಟು. 1995ರ ಹ್ಯೂಸ್ಟನ್, 2004ರ ಡೆಟ್ರಾಯಿಟ್, 2006ರ ಮಯಾಮಿ ಅವರಲ್ಲಿ ಸೇರಿವೆ. ಫೆಬ್ರವರಿ ಹೊತ್ತಿಗೆ ಒಂದೇ ನೋಟದಲ್ಲಿ ಜರಡಿ ಹಿಡಿಯಲು ಇದು ಒಳ್ಳೆಯದು. ಆದರೆ ಗೆರೆ ದಾಟಿದವರಲ್ಲಿ ಯಾರು ಗೆಲ್ಲುತ್ತಾರೆಂದು ಇದು ಹೇಳುವುದಿಲ್ಲ.

ನಾಲ್ಕು ಸರಣಿ ಎಂದರೆ ಎಷ್ಟು ಕಷ್ಟ

ಐಪಿಎಲ್ ಫೈನಲ್ ಒಂದೇ ರಾತ್ರಿ. 2025ರ ಜೂನ್ 3ರಂದು ಆರ್‌ಸಿಬಿ ಪಂಜಾಬನ್ನು 6 ರನ್‌ನಿಂದ ಸೋಲಿಸಿ, ಕರ್ನಾಟಕ ಹದಿನೆಂಟು ವರ್ಷ ಕಾದ ಕಪ್ ತಂದಿತು. ಅಂದು ಒಂದು ಓವರ್ ಆಚೀಚೆ ಆಗಿದ್ದರೆ ಕಥೆಯೇ ಬೇರೆ. ಎನ್‌ಬಿಎಯಲ್ಲಿ ಹಾಗಲ್ಲ. ಅಲ್ಲಿ ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಗೆದ್ದವರು ಮುಂದಕ್ಕೆ.

ಏಳು ಪಂದ್ಯಗಳ ಸರಣಿ ಬಲಶಾಲಿಗೆ ಅನುಕೂಲ. ಒಂದು ಪಂದ್ಯ ಗೆಲ್ಲುವ ಸಾಧ್ಯತೆ ಶೇ. 60 ಇದ್ದರೆ ಸರಣಿ ಗೆಲ್ಲುವ ಸಾಧ್ಯತೆ ಶೇ. 71ಕ್ಕೆ ಏರುತ್ತದೆ. ಶೇ. 65 ಇದ್ದರೆ 80, ಶೇ. 70 ಇದ್ದರೆ 87. ಇಲ್ಲಿಯವರೆಗೆ ಸಂತೋಷ. ಆದರೆ ಇಂಥ ನಾಲ್ಕು ಸರಣಿಗಳನ್ನು ಸಾಲಾಗಿ ಗೆಲ್ಲಬೇಕು. 0.71ನ್ನು ನಾಲ್ಕು ಸಲ ಗುಣಿಸಿದರೆ 0.25. ಪ್ರತಿ ಎದುರಾಳಿಗಿಂತ ಸ್ಪಷ್ಟವಾಗಿ ಮೇಲಿರುವ ತಂಡಕ್ಕೂ ಕಪ್ ಸಿಗುವುದು ನಾಲ್ಕರಲ್ಲಿ ಒಂದು ಸಲ. ಶೇ. 65ರ ತಂಡಕ್ಕೆ ಶೇ. 41. ಶೇ. 70ರ ದೈತ್ಯ ತಂಡಕ್ಕೂ ಶೇ. 58 ಮಾತ್ರ. 'ಗ್ಯಾರಂಟಿ ಗೆಲ್ತಾರೆ' ಎನ್ನುವವರಿಗೂ 'ಚಾನ್ಸೇ ಇಲ್ಲ' ಎನ್ನುವವರಿಗೂ ಈ ಸಂಖ್ಯೆಗಳನ್ನು ತೋರಿಸಬೇಕು. 2019ರಿಂದ 2025ರವರೆಗೆ ಏಳು ವರ್ಷಗಳಲ್ಲಿ ಏಳು ಬೇರೆ ಬೇರೆ ಚಾಂಪಿಯನ್‌ಗಳು ಬಂದಿದ್ದಾರೆ: ಟೊರಾಂಟೊ, ಲೇಕರ್ಸ್, ಮಿಲ್ವಾಕಿ, ಗೋಲ್ಡನ್ ಸ್ಟೇಟ್, ಡೆನ್ವರ್, ಬಾಸ್ಟನ್, ಒಕ್ಲಹೋಮಾ ಸಿಟಿ.

68 ಪಂದ್ಯ ಗೆದ್ದ ಥಂಡರ್ ಕೂಡ ಎರಡು ಸಲ ಏಳನೇ ಪಂದ್ಯದವರೆಗೆ ಹೋಯಿತು, ಡೆನ್ವರ್ ಎದುರು ಮತ್ತು ಫೈನಲ್ಸ್‌ನಲ್ಲಿ ಇಂಡಿಯಾನಾ ಎದುರು. ಎರಡೂ ಏಳನೇ ಪಂದ್ಯಗಳು ನಡೆದದ್ದು ಸ್ವಂತ ಊರಿನಲ್ಲಿ. ಸರಣಿಯ ಪಂದ್ಯಗಳು 2-2-1-1-1 ಎಂಬ ಕ್ರಮದಲ್ಲಿ ನಡೆಯುತ್ತವೆ. ಹೆಚ್ಚು ಗೆಲುವು ಇರುವ ತಂಡಕ್ಕೆ ಮೊದಲ ಎರಡು, ಐದನೆಯದು ಮತ್ತು ಏಳನೆಯದು ಮನೆಯಲ್ಲಿ. ನವೆಂಬರ್ ತಿಂಗಳ ಸಾಧಾರಣ ಪಂದ್ಯವೊಂದರ ಗೆಲುವಿಗೆ ಜೂನ್‌ನಲ್ಲಿ ಸಿಗುವ ಬೆಲೆ ಇದು.

ಅಂತರ ಎಲ್ಲಿಂದ ಬಂತು

ಅಂತರ ದೊಡ್ಡದಿದ್ದರೆ ಮುಂದಿನ ಪ್ರಶ್ನೆ, ಅದು ಪ್ಲೇಆಫ್‌ನಲ್ಲಿ ಉಳಿಯುವ ಬಗೆಯದೇ ಎನ್ನುವುದು. ಇಲ್ಲಿ ಪಂದ್ಯದ ಸರಾಸರಿ ಬಿಟ್ಟು ಪೊಸೆಷನ್, ಅಂದರೆ ಚೆಂಡು ಕೈಗೆ ಬಂದ ಒಂದೊಂದು ಸರದಿಯ ಲೆಕ್ಕಕ್ಕೆ ಬರಬೇಕು. ಎಳೆಯ ತಂಡಗಳು ಹೆಚ್ಚು ಓಡುತ್ತವೆ, ಹಾಗಾಗಿ ಹೆಚ್ಚು ಅಂಕ ಗಳಿಸಿದಂತೆ ಕಾಣುತ್ತವೆ. 105 ಸರದಿಯಲ್ಲಿ 118 ಅಂಕ ಹೊಡೆದ ತಂಡ ನೂರಕ್ಕೆ 112ರಂತೆ ಗಳಿಸಿದೆ. 96 ಸರದಿಯಲ್ಲಿ 112 ಹೊಡೆದದ್ದು ನೂರಕ್ಕೆ 117ರಂತೆ. ಕಡಿಮೆ ಅಂಕ ಗಳಿಸಿದ ಎರಡನೆಯದೇ ಮೇಲು. ಸರದಿ ಎಣಿಸಲು ಸ್ಕೋರ್ ಪಟ್ಟಿಯ ನಾಲ್ಕು ಅಂಕಿ ಸಾಕು: ಬುಟ್ಟಿಗೆ ಮಾಡಿದ ಹೊಡೆತಗಳು, ಅದಕ್ಕೆ ಕೂಡಿಸಿ ಫ್ರೀ ಥ್ರೋಗಳ 0.44 ಭಾಗ, ಕೂಡಿಸಿ ಟರ್ನೋವರ್‌ಗಳು (ಹೊಡೆಯುವ ಮೊದಲೇ ಚೆಂಡು ಕಳೆದುಕೊಂಡದ್ದು), ಕಳೆಯಿರಿ ಎದುರಾಳಿಯ ಬುಟ್ಟಿಯಡಿ ತಾವೇ ಹಿಡಿದ ರಿಬೌಂಡ್‌ಗಳು (ತಪ್ಪಿದ ಹೊಡೆತದ ಚೆಂಡು).

ಡೀನ್ ಆಲಿವರ್ ಎಂಬ ವಿಶ್ಲೇಷಕರು ಆಟವನ್ನು ನಾಲ್ಕು ಅಂಶಗಳಿಗೆ ಇಳಿಸಿದರು. ಹೊಡೆತದ ಗುಣಮಟ್ಟಕ್ಕೆ ಸುಮಾರು ಶೇ. 40 ತೂಕ, ಟರ್ನೋವರ್‌ಗೆ 25, ರಿಬೌಂಡ್‌ಗೆ 20, ಫ್ರೀ ಥ್ರೋಗೆ 15. ಹೊಡೆತ ಅಳೆಯುವಾಗ ತ್ರೀ ಪಾಯಿಂಟರ್‌ಗೆ ಒಂದೂವರೆ ಬೆಲೆ ಕೊಡಬೇಕು. ಹತ್ತರಲ್ಲಿ ನಾಲ್ಕು ತ್ರೀ ಹಾಕಿದವರದು ಶೇ. 60ರ ಫಲ, ಹತ್ತರಲ್ಲಿ ಐದು ಎರಡಂಕದ ಬುಟ್ಟಿ ಹಾಕಿದವರದು ಶೇ. 50.

ಥಂಡರ್‌ನ ಬಂಡವಾಳ ಟರ್ನೋವರ್. ಎದುರಾಳಿಗಳು ಅವರ ಎದುರು ಪಂದ್ಯಕ್ಕೆ ಸುಮಾರು 17 ಸಲ ಚೆಂಡು ಕಳೆದುಕೊಂಡರು, ಥಂಡರ್ ಕಳೆದುಕೊಂಡದ್ದು 12ರ ಆಸುಪಾಸು. ಐದು ಸರದಿ ಹೆಚ್ಚಿಗೆ. ಒಂದು ಸರದಿಗೆ ಎನ್‌ಬಿಎಯಲ್ಲಿ ಸರಾಸರಿ 1.1 ಅಂಕಕ್ಕೂ ತುಸು ಹೆಚ್ಚು ಬರುತ್ತದೆ, ಹಾಗಾಗಿ ಐದೂವರೆಯಿಂದ ಆರು ಅಂಕ ಅಲ್ಲೇ ಬಂತು. ಇತಿಹಾಸದ ಅತಿ ದೊಡ್ಡ ಅಂತರದ ಹೆಚ್ಚುಕಡಿಮೆ ಅರ್ಧ. ಲೂ ಡೋರ್ಟ್, ಕರೂಸೊ, ವಾಲೆಸ್, ವಿಲಿಯಮ್ಸ್ ಇವರ ಕೈಚಳಕ ಮತ್ತು ಪಾದದ ವೇಗದಿಂದ ಬಂದ ಲಾಭ ಇದು. ಸೀಸನ್ ಬದಲಾದರೂ ಕೌಶಲ ಕೈಬಿಡುವುದಿಲ್ಲ.

ಇದಕ್ಕೆ ಹೋಲಿಸಿ, ಎದುರಾಳಿ ತ್ರೀ ಹೊಡೆತಗಳನ್ನು ತಪ್ಪಿಸಿದ್ದರಿಂದ ಬಂದ ಲಾಭ ನೆಚ್ಚಿಕೊಳ್ಳುವಂಥದಲ್ಲ. ಶೇ. 36ರ ದರದಲ್ಲಿ ಹೊಡೆಯುವ ತಂಡ ಒಂದು ಪಂದ್ಯದಲ್ಲಿ 35 ತ್ರೀ ಎತ್ತಿದರೆ ಸರಾಸರಿ 12ರಿಂದ 13 ಬೀಳುತ್ತವೆ. ಬರೀ ಆಕಸ್ಮಿಕದಿಂದಲೇ ಅದು 10 ಆಗಬಹುದು, 15 ಆಗಬಹುದು. ಅಂದರೆ ಯಾರ ತಪ್ಪೂ ಇಲ್ಲದೆ ಎಂಟು ಅಂಕ ಆಚೀಚೆ. ಯಾವುದಾದರೂ ಎಳೆಯ ತಂಡದ ರಕ್ಷಣೆ ಡಿಸೆಂಬರ್‌ನಲ್ಲಿ ಅದ್ಭುತವಾಗಿ ಕಂಡರೆ, ಎದುರಾಳಿಗಳು ಎಷ್ಟು ತ್ರೀ ಎತ್ತಿದರು ಎಂಬುದನ್ನು ನೋಡಿ, ಎಷ್ಟು ಬಿದ್ದವು ಎಂಬುದನ್ನಲ್ಲ. ಎತ್ತಲು ಬಿಡದಿರುವುದು ರಕ್ಷಣೆಯ ಕೆಲಸ, ಬೀಳದಿರುವುದು ಬಹುಪಾಲು ಅದೃಷ್ಟ.

ಲೀಗ್ ಹಂತ ಎಳೆಯರಿಗೆ ಒಲಿಯುತ್ತದೆ ಎನ್ನುವುದನ್ನೂ ನೆನಪಿಡಬೇಕು. ಸತತ ಎರಡು ರಾತ್ರಿ ಪಂದ್ಯ, ನಡುವೆ ವಿಮಾನ ಪ್ರಯಾಣ. ಮೂವತ್ತೈದರ ಕಾಲುಗಳಿಗಿಂತ ಇಪ್ಪತ್ತಮೂರರ ಕಾಲುಗಳು ಬೇಗ ಸುಧಾರಿಸಿಕೊಳ್ಳುತ್ತವೆ. ಪ್ಲೇಆಫ್‌ನಲ್ಲಿ ನಡುವೆ ಬಿಡುವಿದೆ, ಹಿರಿಯರಿಗೂ ಚೇತರಿಕೆ ಸಿಗುತ್ತದೆ. 2024-25ರ ಲೀಗ್ ಹಂತದಲ್ಲಿ ಥಂಡರ್ ಪೂರ್ವ ವಿಭಾಗದ ತಂಡಗಳ ಎದುರು 30 ಪಂದ್ಯ ಆಡಿ 29 ಗೆದ್ದಿತ್ತು. ಇಂಡಿಯಾನಾವನ್ನು ಆಡಿದ ಎರಡೂ ಸಲ ಸೋಲಿಸಿತ್ತು. ಅದೇ ಇಂಡಿಯಾನಾ ಫೈನಲ್ಸ್‌ನಲ್ಲಿ ಏಳನೇ ಪಂದ್ಯದವರೆಗೆ ಎಳೆಯಿತು.

ಯಾರನ್ನು ಕಾಯದೆ ಬಿಡುತ್ತಾರೆ ನೋಡಿ

ಈಗ ಮುಖ್ಯ ವಿಷಯ. ಲೀಗ್ ಹಂತದಲ್ಲಿ ಎದುರಾಳಿ ಕೋಚ್‌ಗೆ ನಿಮ್ಮ ತಂಡವನ್ನು ಓದಲು ಸಿಗುವುದು ಹೆಚ್ಚೆಂದರೆ ಒಂದು ದಿನ. ಪ್ಲೇಆಫ್‌ನಲ್ಲಿ ಎರಡು ವಾರ. ಪ್ರತಿ ರಾತ್ರಿ ಅದೇ ತಂಡ, ಅದೇ ಐದು ಜನ. ಅಂಗಳಕ್ಕಿಳಿಸುವ ಆಟಗಾರರ ಸಂಖ್ಯೆ ಹತ್ತರಿಂದ ಎಂಟಕ್ಕೆ ಇಳಿಯುತ್ತದೆ. ಹಾಗಾಗಿ ಸರಾಸರಿಯಲ್ಲಿ ಮುಚ್ಚಿಹೋಗಿದ್ದ ಸಣ್ಣ ದೋಷ ಎರಡನೇ ಪಂದ್ಯದ ಹೊತ್ತಿಗೆ ಪತ್ತೆಯಾಗುತ್ತದೆ, ಮೂರನೆಯದರಲ್ಲಿ ಅದರ ಮೇಲೇ ದಾಳಿ. ಎಳೆಯ ತಂಡದ 'ಅನುಭವದ ಕೊರತೆ' ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಇದೇ. ಹುಡುಗರ ಆಟದಲ್ಲಿ ಪೂರ್ತಿಯಾಗದ ಒಂದು ಭಾಗ ಇರುತ್ತದೆ, ಅದನ್ನು ಮರೆಮಾಡಲು ಪ್ಲೇಆಫ್‌ನಲ್ಲಿ ಜಾಗ ಇರುವುದಿಲ್ಲ.

2024ರಲ್ಲಿ ಡಲ್ಲಾಸ್ ಮಾಡಿದ್ದು ಸರಳ. ಥಂಡರ್‌ನ ಜಾಶ್ ಗಿಡ್ಡಿ ಒಳ್ಳೆಯ ಪಾಸ್ ಕೊಡುವ ಆಟಗಾರ, ಎತ್ತರದವರು, ರಿಬೌಂಡ್ ಹಿಡಿಯುವವರು. ಆದರೆ ಅವರ ದೂರದ ಹೊಡೆತಕ್ಕೆ ಯಾರೂ ಹೆದರುತ್ತಿರಲಿಲ್ಲ. ಡಲ್ಲಾಸ್ ಅವರನ್ನು ತ್ರೀ ಪಾಯಿಂಟ್ ಗೆರೆಯಲ್ಲಿ ಹಾಗೇ ಬಿಟ್ಟು, ಅವರನ್ನು ಕಾಯಬೇಕಾದ ದೊಡ್ಡ ಆಳನ್ನು ಬುಟ್ಟಿಯ ಕೆಳಗೆ ನಿಲ್ಲಿಸಿತು. ಗಿಲ್ಜಸ್-ಅಲೆಕ್ಸಾಂಡರ್ ಒಳನುಗ್ಗಿದಾಗಲೆಲ್ಲ ಒಬ್ಬರ ಬದಲು ಇಬ್ಬರು ಎದುರಾದರು. ಐವರ ಆಟ ನಾಲ್ವರದಾಯಿತು. ಸರಣಿಯ ನಡುವೆಯೇ ಗಿಡ್ಡಿ ಆರಂಭದ ಐವರಲ್ಲಿ ಜಾಗ ಕಳೆದುಕೊಂಡರು. ಎರಡನೇ ತೂತು ರಿಬೌಂಡ್. ತೆಳು ಮೈಯ ಹೋಮ್‌ಗ್ರೆನ್ ಬಿಟ್ಟರೆ ಬುಟ್ಟಿಯಡಿ ನಿಲ್ಲುವ ಭಾರಿ ಆಳೇ ಇರಲಿಲ್ಲ. ಲೀಗ್ ಹಂತದಲ್ಲೂ ಥಂಡರ್ ರಿಬೌಂಡ್‌ನಲ್ಲಿ ತೀರ ಕೆಳಗಿನವರ ಸಾಲಿನಲ್ಲಿತ್ತು. ಗುಣಮಟ್ಟದ ಹೊಡೆತವೇ ಆ ದೌರ್ಬಲ್ಯವನ್ನು ಮುಚ್ಚಿಟ್ಟಿತ್ತು.

ತಂಡ ಕಟ್ಟುವ ಸ್ಯಾಮ್ ಪ್ರೆಸ್ಟಿ 'ಹುಡುಗರು ಕಲಿಯಲಿ' ಎಂದು ಕಾಯಲಿಲ್ಲ. 2024ರ ಜೂನ್‌ನಲ್ಲಿ ಗಿಡ್ಡಿಯನ್ನು ಶಿಕಾಗೊಗೆ ಕೊಟ್ಟು ಕರೂಸೊ ಅವರನ್ನು ತಂದರು, ಜತೆಗೆ ಒಂದು ಡ್ರಾಫ್ಟ್ ಪಿಕ್ (ಪ್ರತಿ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಹಕ್ಕು) ಕೂಡ ಕೇಳಲಿಲ್ಲ. ಇಪ್ಪತ್ತೊಂದರ ಹುಡುಗನಿಗೆ ಮೂವತ್ತರ ರಕ್ಷಕ. ವಯಸ್ಸಷ್ಟೇ ನೋಡಿದರೆ ನಷ್ಟದ ವ್ಯಾಪಾರ. ನಂತರ ಹಾರ್ಟನ್‌ಸ್ಟೈನ್ ಅವರಿಗೆ ಮೂರು ವರ್ಷಕ್ಕೆ 8.7 ಕೋಟಿ ಡಾಲರ್ ಕೊಟ್ಟು ಬುಟ್ಟಿಯಡಿ ನಿಲ್ಲಿಸಿದರು. ಎರಡು ತೂತು, ಎರಡು ಆಳು. ಒಂದು ವರ್ಷದ ನಂತರ ಡೆನ್ವರ್ ಎದುರಿನ ಏಳನೇ ಪಂದ್ಯದಲ್ಲಿ ನಿಕೊಲಾ ಯೋಕಿಚ್ ಎಂಬ ಬೆಟ್ಟವನ್ನು ಕಾಯುವ ಕೆಲಸ ಬಿದ್ದದ್ದು ಅವರಿಗಿಂತ ಅರ್ಧ ಅಡಿ ಕುಳ್ಳಗಿರುವ ಕರೂಸೊ ಮೇಲೆ. ಮುಂದೆ ನಿಂತು ಪಾಸ್ ಬರದಂತೆ ತಡೆದರು, ಎಡೆಬಿಡದೆ ಒತ್ತಿ ಹಿಡಿದರು. ಥಂಡರ್ 125-93ರಿಂದ ಗೆದ್ದಿತು. ಅನುಭವ ಅಂಗಳದಲ್ಲಿ ಹೀಗೆ ಕಾಣಿಸುತ್ತದೆ.

ಇದೇ ಕಣ್ಣಿನಿಂದ 2025ರ ಹ್ಯೂಸ್ಟನ್ ನೋಡಿ. ಅದೂ ಎಳೆಯ ತಂಡ, 52 ಗೆಲುವು, ಪಶ್ಚಿಮದಲ್ಲಿ ಎರಡನೇ ಸ್ಥಾನ, ಗಟ್ಟಿ ರಕ್ಷಣೆ, ಬುಟ್ಟಿಯಡಿ ಪ್ರಚಂಡ ಬಲ. ಮೊದಲ ಸುತ್ತಿನಲ್ಲೇ ಏಳನೇ ಸ್ಥಾನದ ಗೋಲ್ಡನ್ ಸ್ಟೇಟ್ ಎದುರು 4-3ರಿಂದ ಸೋತಿತು. ಆ ತಂಡದ ತೂತು ರಕ್ಷಣೆಯಲ್ಲಿರಲಿಲ್ಲ. ಆಟ ನಿಧಾನವಾಗಿ, ಎದುರಾಳಿ ಸಜ್ಜಾಗಿ ನಿಂತಾಗ ತಾನೇ ಒಂದು ಒಳ್ಳೆಯ ಹೊಡೆತ ಹುಟ್ಟಿಸಿಕೊಳ್ಳುವ ಆಟಗಾರ ಇರಲಿಲ್ಲ. ಒಂದು ಪಂದ್ಯದಲ್ಲಿ 38 ಅಂಕ ಗಳಿಸಿದ ಜೇಲೆನ್ ಗ್ರೀನ್ ಮತ್ತೆ ಆ ಎತ್ತರಕ್ಕೆ ಬರಲಿಲ್ಲ. ಆ ಬೇಸಿಗೆಯಲ್ಲಿ ಹ್ಯೂಸ್ಟನ್ ಗ್ರೀನ್ ಅವರನ್ನು ಬಿಟ್ಟುಕೊಟ್ಟು 36 ವರ್ಷದ ಕೆವಿನ್ ಡ್ಯುರಾಂಟ್ ಅವರನ್ನು ತಂದಿತು. ಕಾಯಿಲೆಗೆ ಸರಿಯಾದ ಮದ್ದು ಅದು ಎಂದೇ ಹೇಳಬೇಕು.

ಮನೆಯಲ್ಲಿ ಕೂತು ಈ ತೂತು ಹುಡುಕಲು ಮೂರು ಕಡೆ ಕಣ್ಣಿಡಿ. ಯಾವ ಆಟಗಾರನ ಕಾವಲುಗಾರ ಅವನನ್ನು ಬಿಟ್ಟು ಎರಡು ಹೆಜ್ಜೆ ಒಳಗೆ ನಿಂತಿದ್ದಾನೆ? ಎದುರಾಳಿಯ ತಾರೆ ತನ್ನ ಜತೆಗಾರನನ್ನು ಅಡ್ಡ ನಿಲ್ಲಿಸಿಕೊಂಡು ಪದೇಪದೇ ನಿಮ್ಮ ಯಾವ ಆಟಗಾರನನ್ನು ತನ್ನ ಮುಂದೆ ಬರಿಸಿಕೊಳ್ಳುತ್ತಿದ್ದಾನೆ? ಮುಖ್ಯ ಆಟಗಾರ ಬೆಂಚಿನಲ್ಲಿ ಕೂತ ಹತ್ತು-ಹನ್ನೆರಡು ನಿಮಿಷ ಅಂತರ ಏನಾಗುತ್ತದೆ? ಮೊದಲ ಎರಡಕ್ಕೆ ಒಂದೇ ಹೆಸರು ಉತ್ತರವಾಗಿ ಬಂದರೆ, ಆ ಆಟಗಾರ ಎಷ್ಟೇ ಪ್ರಿಯನಾದರೂ ಮೇ ತಿಂಗಳಲ್ಲಿ ಬೆಂಚಿನಲ್ಲಿ ಕೂರುತ್ತಾನೆ. ಅವನಿಲ್ಲದ ತಂಡ ಎಷ್ಟು ಬಲಶಾಲಿ ಎಂದು ಈಗಲೇ ಅಳೆಯಿರಿ.

ಕೊನೆಯ ಐದು ನಿಮಿಷ

ಎನ್‌ಬಿಎ ಲೆಕ್ಕದಲ್ಲಿ 'ಕ್ಲಚ್' ಎಂದರೆ ಕೊನೆಯ ಐದು ನಿಮಿಷದಲ್ಲಿ ಅಂತರ ಐದು ಅಂಕದೊಳಗೆ ಇರುವ ಹೊತ್ತು. ಈ ಹೊತ್ತಿನ ಗೆಲುವು-ಸೋಲಿನ ಪಟ್ಟಿಯನ್ನು ಹೆಚ್ಚು ನಂಬಬಾರದು, ಒಂದು ಸೀಸನ್‌ನಲ್ಲಿ ಅಂಥ ನಿಮಿಷಗಳು ತೀರ ಕಡಿಮೆ. ಆದರೆ ಆಗ ಚೆಂಡು ಯಾರ ಕೈಗೆ ಹೋಗುತ್ತದೆ, ಅವರು ಎಂಥ ಹೊಡೆತ ಪಡೆಯುತ್ತಾರೆ ಎನ್ನುವುದು ತಿಳಿಯಲೇಬೇಕು. 2004ರ ಡೆಟ್ರಾಯಿಟ್‌ನಂಥ ಅಪವಾದ ಬಿಟ್ಟರೆ ಚಾಂಪಿಯನ್ ತಂಡದಲ್ಲಿ ಆ ವರ್ಷದ ಅತ್ಯುತ್ತಮರ ಸಾಲಿನ ಒಬ್ಬರಾದರೂ ಇರುತ್ತಾರೆ.

2025ರ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಇಂಡಿಯಾನಾ 25 ಸಲ ಚೆಂಡು ಕಳೆದುಕೊಂಡಿತ್ತು. ಆದರೂ 0.3 ಸೆಕೆಂಡ್ ಉಳಿದಾಗ ಟೈರೀಸ್ ಹ್ಯಾಲಿಬರ್ಟನ್ ಹಾಕಿದ ಬುಟ್ಟಿಯಿಂದ 111-110ಕ್ಕೆ ಗೆದ್ದಿತು. ಇಡೀ ಪಂದ್ಯದಲ್ಲಿ ಇಂಡಿಯಾನಾ ಮುಂದಿದ್ದದ್ದು ಆ 0.3 ಸೆಕೆಂಡ್ ಮಾತ್ರ. ನಾಲ್ಕನೇ ಪಂದ್ಯಕ್ಕೆ ಬರುವಾಗ ಥಂಡರ್ 2-1ರಿಂದ ಹಿಂದಿತ್ತು, ಎದುರಾಳಿಯ ಊರು, ಇಡೀ ರಾತ್ರಿ ಬಿದ್ದ ತ್ರೀ ಮೂರೇ. ಆಗ ಗಿಲ್ಜಸ್-ಅಲೆಕ್ಸಾಂಡರ್ ಕೊನೆಯ ಐದು ನಿಮಿಷದೊಳಗೆ 15 ಅಂಕ ಗಳಿಸಿ 111-104ಕ್ಕೆ ತಂದು ನಿಲ್ಲಿಸಿದರು. ಬೆಂಗಳೂರಿನಲ್ಲಿ ಆಗ ಬೆಳಗಿನ ಹೊತ್ತು. ಎದ್ದು ಕೂತು ನೋಡಿದವರಿಗೆ ತಂಡದ ಆಟವೂ ಒಬ್ಬರ ಆಟವೂ ಹೇಗೆ ಬೇರೆ ಎಂದು ಕಣ್ಣೆದುರೇ ತಿಳಿದಿರುತ್ತದೆ. ಆ ಒಬ್ಬರ ಮೇಲೆ ಇಬ್ಬರು ಮುಗಿಬಿದ್ದಾಗ ಎರಡನೆಯವರೂ ಬೇಕು. ಐದನೇ ಪಂದ್ಯದಲ್ಲಿ ಜೇಲೆನ್ ವಿಲಿಯಮ್ಸ್ 40 ಅಂಕ ಗಳಿಸಿದರು. ಎಳೆಯ ತಂಡಗಳಲ್ಲಿ ಹೆಚ್ಚಾಗಿ ಕೊರತೆ ಇರುವುದು ಈ ಎರಡನೆಯ ಜಾಗದಲ್ಲಿ.

ಗಾಯ

ಇದನ್ನು ಮೊದಲೇ ಲೆಕ್ಕ ಹಾಕಲಾಗದು, ಆದರೆ ತಾಳಿಕೊಳ್ಳುವ ಶಕ್ತಿಯನ್ನು ಅಳೆಯಬಹುದು. 2024ರ ನವೆಂಬರ್ 10ರಂದು ಹೋಮ್‌ಗ್ರೆನ್ ಸೊಂಟದ ಮೂಳೆ ಮುರಿದು ಫೆಬ್ರವರಿಯವರೆಗೆ ಹೊರಗುಳಿದರು. ಹಾರ್ಟನ್‌ಸ್ಟೈನ್ ಕೈ ಮುರಿದುಕೊಂಡು ಆಗಿನ್ನೂ ಅಂಗಳಕ್ಕೇ ಇಳಿದಿರಲಿಲ್ಲ. ಕೆಲ ದಿನ ತಂಡದಲ್ಲಿ ಬುಟ್ಟಿಯಡಿ ನಿಲ್ಲುವ ಏಳಡಿ ಆಳು ಒಬ್ಬರೂ ಇರಲಿಲ್ಲ. ಆದರೂ ಆ ಸೀಸನ್‌ನ ಲೆಕ್ಕ 68 ಗೆಲುವು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಡೋರ್ಟ್, 55ನೇ ಪಿಕ್ ಆರನ್ ವಿಗಿನ್ಸ್, ಬೇರೆ ತಂಡ ಕೈಬಿಟ್ಟ ಐಸೇಯಾ ಜೋ ಇಂಥವರೇ ಆ ಬಲ.

ತದ್ವಿರುದ್ಧ ಉದಾಹರಣೆ ಎಳೆಯ ಚಾಂಪಿಯನ್ 1977ರ ಪೋರ್ಟ್‌ಲೆಂಡ್. ಮರುವರ್ಷ ಮೊದಲ 60 ಪಂದ್ಯಗಳಲ್ಲಿ 50 ಗೆದ್ದಿತ್ತು. ಬಿಲ್ ವಾಲ್ಟನ್ ಪಾದಕ್ಕೆ ಗಾಯವಾಯಿತು, ತಂಡ ಕುಸಿಯಿತು, ಆ ಕಾಲ ಮತ್ತೆ ಬರಲಿಲ್ಲ.

'ಮುಂದಿನ ವರ್ಷ' ಎನ್ನುವುದಕ್ಕೂ ಬೆಲೆ ಇದೆ

'ಹುಡುಗರು, ಇನ್ನೂ ಹತ್ತು ವರ್ಷ ಇದೆ' ಎನ್ನುವ ಅಭಿಮಾನಿಗೆ ಒಕ್ಲಹೋಮಾ ಸಿಟಿಯದೇ ಉತ್ತರ ಇದೆ. 2012ರಲ್ಲಿ ಇದೇ ಥಂಡರ್ ಫೈನಲ್ಸ್ ತಲುಪಿತ್ತು. ಡ್ಯುರಾಂಟ್ ಮತ್ತು ರಸೆಲ್ ವೆಸ್ಟ್‌ಬ್ರೂಕ್‌ಗೆ 23, ಜೇಮ್ಸ್ ಹಾರ್ಡನ್ ಮತ್ತು ಸರ್ಜ್ ಇಬಾಕಾಗೆ 22. ಮಯಾಮಿ ಎದುರು 4-1ರಿಂದ ಸೋತರು. ಇನ್ನು ಪ್ರತಿ ವರ್ಷ ಇವರೇ ಎಂದು ಎಲ್ಲರೂ ಅಂದುಕೊಂಡರು. ನಾಲ್ಕೇ ತಿಂಗಳಲ್ಲಿ, ಸಂಬಳದ ಮಾತುಕತೆ ಮುರಿದು ಹಾರ್ಡನ್ ಹ್ಯೂಸ್ಟನ್‌ಗೆ ಹೋದರು. ಆ ಗುಂಪು ಮತ್ತೆ ಫೈನಲ್ಸ್ ಕಾಣಲಿಲ್ಲ.

ಕಾರಣ ಒಪ್ಪಂದದ ಲೆಕ್ಕ. ಮೊದಲ ಸುತ್ತಿನಲ್ಲಿ ಆರಿಸಿದ ಆಟಗಾರರಿಗೆ ಮೊದಲ ನಾಲ್ಕು ವರ್ಷ ನಿಗದಿತ, ಕಡಿಮೆ ಸಂಬಳ. ಆ ನಾಲ್ಕು ವರ್ಷಗಳಲ್ಲಿ ಉಳಿದ ಹಣದಿಂದಲೇ ಹಾರ್ಟನ್‌ಸ್ಟೈನ್‌ನಂಥವರನ್ನು ತರಲಾಗುತ್ತದೆ. ಐದನೇ ವರ್ಷ ಲೆಕ್ಕ ತಲೆಕೆಳಗು. 2025ರ ಜುಲೈನಲ್ಲಿ ಥಂಡರ್ ತನ್ನ ಮೂವರ ಒಪ್ಪಂದ ವಿಸ್ತರಿಸಿತು: ಗಿಲ್ಜಸ್-ಅಲೆಕ್ಸಾಂಡರ್‌ಗೆ ನಾಲ್ಕು ವರ್ಷಕ್ಕೆ ಸುಮಾರು 28.5 ಕೋಟಿ ಡಾಲರ್, ವಿಲಿಯಮ್ಸ್‌ಗೆ ಐದು ವರ್ಷಕ್ಕೆ 28.7 ಕೋಟಿಯವರೆಗೆ, ಹೋಮ್‌ಗ್ರೆನ್‌ಗೆ ಐದು ವರ್ಷಕ್ಕೆ 25 ಕೋಟಿಯವರೆಗೆ. ವಿಲಿಯಮ್ಸ್ ಮತ್ತು ಹೋಮ್‌ಗ್ರೆನ್ ಅವರ ಹೊಸ ಸಂಬಳ 2026-27ರಿಂದ, ಗಿಲ್ಜಸ್-ಅಲೆಕ್ಸಾಂಡರ್ ಅವರದು 2027-28ರಿಂದ.

ಇದಕ್ಕೆ ಎದುರಾಗಿ ನಿಲ್ಲುವುದು 'ಸೆಕೆಂಡ್ ಏಪ್ರನ್' ಎಂಬ ಗೆರೆ. 2025-26ಕ್ಕೆ ಅದು 20.78 ಕೋಟಿ ಡಾಲರ್. ಒಟ್ಟು ಸಂಬಳ ಇದನ್ನು ದಾಟಿದರೆ ದಂಡಕ್ಕಿಂತ ಕೆಟ್ಟದ್ದು ಕಾದಿದೆ, ಕೈ ಕಟ್ಟಿಹೋಗುತ್ತದೆ. ಇಬ್ಬರು ಆಟಗಾರರ ಸಂಬಳ ಒಟ್ಟುಗೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ. ವ್ಯಾಪಾರದಲ್ಲಿ ನಗದು ಕೊಡುವಂತಿಲ್ಲ. ಏಳು ವರ್ಷದಾಚೆಯ ಮೊದಲ ಸುತ್ತಿನ ಪಿಕ್ ಸ್ತಂಭಿತವಾಗುತ್ತದೆ. ತೂತು ಕಂಡರೂ ಮುಚ್ಚಲು ಆಳು ತರಲಾಗದ ಸ್ಥಿತಿ. ಥಂಡರ್‌ಗೆ ಇದರಿಂದ ತಪ್ಪಿಸಿಕೊಳ್ಳುವ ದಾರಿ ಡ್ರಾಫ್ಟ್ ಪಿಕ್‌ಗಳ ರಾಶಿ. 2019ರಲ್ಲಿ ಪಾಲ್ ಜಾರ್ಜ್ ಅವರನ್ನು ಕ್ಲಿಪ್ಪರ್ಸ್‌ಗೆ ಕೊಟ್ಟಾಗ ಬಂದದ್ದು ಗಿಲ್ಜಸ್-ಅಲೆಕ್ಸಾಂಡರ್, ಡನಿಲೊ ಗಲಿನಾರಿ ಮತ್ತು ಐದು ಮೊದಲ ಸುತ್ತಿನ ಪಿಕ್. ಅದರಲ್ಲೊಂದು ಪಿಕ್ ಮುಂದೆ ಜೇಲೆನ್ ವಿಲಿಯಮ್ಸ್ ಆಯಿತು. ಬೆಲೆ ಏರಿದ ಬೆಂಚ್ ಆಟಗಾರನ ಜಾಗಕ್ಕೆ ಅಗ್ಗದ ಹೊಸಬನನ್ನು ತರುತ್ತಲೇ ಇರುವುದು ಅವರ ಯೋಜನೆ. ಹೊಸಬರು ಆಟಕ್ಕೆ ಒದಗಿದರೆ ಮಾತ್ರ ಅದು ನಡೆಯುತ್ತದೆ.

ಹಾಗಾಗಿ ನಿಮ್ಮ ಮೆಚ್ಚಿನ ಎಳೆಯ ತಂಡದ ಬಗ್ಗೆ ಲೆಕ್ಕ ಹಾಕುವಾಗ ಸಂಬಳದ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 2023-24ರಲ್ಲಿ 14 ಗೆಲುವಿದ್ದ ಡೆಟ್ರಾಯಿಟ್ ಮರುವರ್ಷ 44 ಗೆದ್ದು ಮೊದಲ ಸುತ್ತಿನಲ್ಲಿ ನ್ಯೂಯಾರ್ಕ್ ಎದುರು ಆರು ಪಂದ್ಯಗಳಲ್ಲಿ ಸೋತಿತು. ಒಕ್ಲಹೋಮಾ ಸಿಟಿ ಹತ್ತಿದ ಮೆಟ್ಟಿಲು 24, 40, 57, 68. ಮೆಟ್ಟಿಲು ಹತ್ತುವ ವೇಗ ಪ್ರತಿ ತಂಡಕ್ಕೂ ಬೇರೆ. ಸೋತ ಸರಣಿಯನ್ನು ಮಾತ್ರ ಪೂರ್ತಿ ಮತ್ತೆ ನೋಡಿ, ಮೂರನೇ ಪಂದ್ಯದಿಂದ ಶುರುಮಾಡಿ. ಎದುರಾಳಿ ಯಾರನ್ನು ಕಾಯದೆ ಬಿಟ್ಟರು ಎಂದು ಬರೆದಿಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದಾಗ ಆ ಜಾಗದಲ್ಲಿ ಯಾರು ನಿಂತಿದ್ದಾರೆ ಎಂದು ಮೊದಲು ನೋಡಿ.